ರೋಬೋಟಿನ ಮುತ್ತಜ್ಜ ಒಬ್ಬ ಅನಾಥ

ಎರಡು ವರ್ಷದ ಹಿಂದಿನ ಮಾತು. ಶುಕ್ರವಾರ ಸಂಜೆಗೇ ಮುಗಿಯಬೇಕಿದ್ದ ರಿಲೀಸ್ ಒಂದು ಎಳೆದೂ ಎಳೆದೂ ರಾತ್ರಿ ಹನ್ನೊಂದೂವರೆಗೆ ಬಂದು ನಿಂತಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಆರಿಹೋದ ಅನ್ನ-ಸಾರನ್ನು ಪಕ್ಕಕ್ಕೆ ಸರಿಸಿ, ಕೊನೆಯ ಟೆಸ್ಟ್ ಯಾವಾಗ ಹಸಿರಾಗುತ್ತೋ ಅಂತ ಕಾಯ್ತಾ ಇದ್ದೆ. ಕೊನೆಗೂ ಹಸಿರಾಯ್ತು. ಆ ಕಡೆ ಪೋಲೆಂಡಿನಲ್ಲಿ ಕೂತು ನನ್ನ ಜೊತೆಗೇ ಕಾಯುತ್ತಿದ್ದ ಸಹೋದ್ಯೋಗಿ ಚಾಟ್‌ನಲ್ಲಿ ಎರಡೇ ಪದ ಹಾಕಿದ: "ದೋಬ್ರಾ ರೊಬೋತಾ."

ನನಗೆ ಅದು ಕಂಡಿದ್ದು "ಒಳ್ಳೇ ರೋಬೋಟು" ಅಂತ. ಸಿಟ್ಟು ಬಂತು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೆಲಸ ಮಾಡಿದವನನ್ನು ಯಂತ್ರ ಅಂತಾನಲ್ಲ ಈ ಪುಣ್ಯಾತ್ಮ! ಸೋಮವಾರ ಕೇಳಿಯೇಬಿಟ್ಟೆ. ಅವನು ಗಾಬರಿಯಾಗಿ ವಿವರಿಸಿದ: ಪೋಲಿಷ್ ಆಡುಮಾತಿನಲ್ಲಿ ರೊಬೋತಾ ಅಂದರೆ ಕೆಲಸ. ದೋಬ್ರಾ ರೊಬೋತಾ ಅಂದರೆ "ಭೇಷ್, ಒಳ್ಳೇ ಕೆಲಸ ಮಾಡಿದೆ" ಅಂತ ಬೆನ್ನು ತಟ್ಟೋ ಮಾತು. ಅಷ್ಟೇ.

ಕಥೆ ಅಲ್ಲಿಗೇ ಮುಗಿದಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಅದೇ ಕಾಲ್‌ನಲ್ಲಿ ಪ್ರಾಗ್‌ನ ಇನ್ನೊಬ್ಬ ಸಹೋದ್ಯೋಗಿ ಇದ್ದಳು. ಅವಳು ನಕ್ಕು, "ನಮ್ಮಲ್ಲಿ ಯಾರಿಗೂ ಹಾಗೆ ಹೇಳಬೇಡ ಮಾರಾಯ. ಕೆಲಸಕ್ಕೆ ನಾವು ಪ್ರಾತ್ಸೆ ಅಂತೀವಿ. ರೊಬೋತಾ ಅಂದರೆ ನಮ್ಮ ಮುತ್ತಜ್ಜಂದಿರು ಜಮೀನ್ದಾರನ ಹೊಲದಲ್ಲಿ ಪುಕ್ಕಟೆ ಗೇಯ್ದದ್ದು" ಅಂದಳು. ಪೋಲೆಂಡ್ ಮತ್ತು ಚೆಕ್ ದೇಶ ಅಕ್ಕಪಕ್ಕದ ಮನೆಗಳಿದ್ದ ಹಾಗೆ. ಭಾಷೆಗಳೂ ಹತ್ತಿರದ ಸಂಬಂಧಿಗಳು. ಒಂದೇ ಪದ ಒಬ್ಬರಿಗೆ ಶಹಭಾಸ್‌ಗಿರಿ, ಇನ್ನೊಬ್ಬರಿಗೆ ಬಿಟ್ಟಿ ದುಡಿತ. ಇದು ಹೇಗಾಯ್ತು? ಆ ಪ್ರಶ್ನೆ ತಲೆಯಲ್ಲಿ ಹುಳು ಬಿಟ್ಟ ಹಾಗಾಗಿ, ಮುಂದಿನ ಕೆಲವು ವಾರಾಂತ್ಯಗಳು ಅದಕ್ಕೇ ಹೋದವು.

ಈ ಪದದ ಬೇರು ಹುಡುಕಿಕೊಂಡು ಹಿಂದಕ್ಕೆ ಹೋದರೆ ಮೊದಲು ಸಿಗೋದು ಒಂದು ಸಣ್ಣ ನಕ್ಷತ್ರದ ಗುರುತು. ನಿಘಂಟುಗಳಲ್ಲಿ ಅದನ್ನು *ಒರ್ಬು ಅಂತ ಬರೆದಿರುತ್ತಾರೆ. ಪದದ ಮುಂದಿರುವ ಆ ನಕ್ಷತ್ರದ ಅರ್ಥ ಇಷ್ಟು: "ಈ ಪದವನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಇದನ್ನು ನಾವು ಲೆಕ್ಕ ಹಾಕಿ ತೆಗೆದಿದ್ದೇವೆ." ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿಭಾಷೆಗೆ ವಿದ್ವಾಂಸರು ಮೂಲ ಸ್ಲಾವಿಕ್ ಅನ್ನುತ್ತಾರೆ. ಅದನ್ನಾಡುತ್ತಿದ್ದ ಜನಕ್ಕೆ ಲಿಪಿ ಇರಲಿಲ್ಲ. ಆದ್ದರಿಂದ ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಬೇಕು. ಒಂಥರಾ ಲಾಗ್ ಫೈಲ್ ಇಲ್ಲದೆ, ಬರೀ ಔಟ್‌ಪುಟ್ ನೋಡಿ, ಹಳೇ ಕೋಡ್ ಹೇಗಿತ್ತು ಅಂತ ಕಂಡುಹಿಡಿಯುವ ಕೆಲಸ.

ಊಹೆ ಅಂದ ತಕ್ಷಣ ಬಾಯಿಗೆ ಬಂದದ್ದು ಹೇಳೋದು ಅಂತಲ್ಲ. ಅದಕ್ಕೆ ನಿಯಮ ಇದೆ. ನೋಡಿ, ನಾವು ಒರಳು ಅಂತೀವಿ, ತೆಲುಗಿನವರು ರೋಲು ಅಂತಾರೆ. ನಮ್ಮ ಎರಡು ಅವರಲ್ಲಿ ರೆಂಡು. ಪದದ ಮೊದಲಿಗಿದ್ದ ಸ್ವರ ರಕಾರವನ್ನು ದಾಟಿ ಹಿಂದಕ್ಕೆ ಹೋಗಿದೆ. ಒಂದು ಪದದಲ್ಲಿ ಹೀಗಾದರೆ ಕಾಕತಾಳೀಯ, ಹಲವು ಪದಗಳಲ್ಲಿ ಆದರೆ ನಿಯಮ. ಹೆಚ್ಚುಕಮ್ಮಿ ಇಂಥದ್ದೇ ಅದಲುಬದಲು ಸ್ಲಾವಿಕ್ ಭಾಷೆಗಳಲ್ಲೂ ನಡೆದಿದೆ. ಮೂಲದಲ್ಲಿ "ಒರ್" ಅಂತ ಶುರುವಾಗುತ್ತಿದ್ದ ಪದಗಳು ಕೆಲವು ಕಡೆ "ರೊ" ಆದವು, ಕೆಲವು ಕಡೆ "ರ" ಆದವು. ಹಾಗಾಗಿ ಒರ್ಬು ಒಂದೆಡೆ ರೊಬ್ ಆಯಿತು, ಇನ್ನೊಂದೆಡೆ ರಬ್ ಆಯಿತು. ಎರಡಕ್ಕೂ ಅರ್ಥ ಒಂದೇ: ಗುಲಾಮ.

ಕನ್ನಡದಲ್ಲಿ ಬಡವ ಅನ್ನೋದಕ್ಕೆ "ತನ" ಸೇರಿಸಿ ಬಡತನ ಮಾಡ್ತೀವಲ್ಲ, ಅವರಲ್ಲಿ "ಒತಾ" ಅನ್ನೋ ಪ್ರತ್ಯಯ ಹತ್ತಿರತ್ತಿರ ಅದೇ ಕೆಲಸ ಮಾಡುತ್ತಿತ್ತು. ಗುಲಾಮ ಪದಕ್ಕೆ ಅದನ್ನು ಹಚ್ಚಿದಾಗ ಬಂದದ್ದು ರೊಬೋತಾ ಅಥವಾ ರಬೋತಾ. ಅಂದರೆ ಗುಲಾಮತನ. ಕ್ರಿ.ಶ. 863ರ ಹೊತ್ತಿಗೆ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಗ್ರೀಕ್ ನಾಡಿನಿಂದ ಮೊರಾವಿಯಾಕ್ಕೆ ಹೋದರು. ಸ್ಲಾವಿಕ್ ಭಾಷೆಗೆ ಮೊದಲ ಲಿಪಿ ಹೊಂದಿಸಿಕೊಟ್ಟವರು ಇವರೇ. ಆ ಪರಂಪರೆಯ ಧಾರ್ಮಿಕ ಬರಹಗಳಲ್ಲಿ ರಬ್ ಅಂದರೆ ಗುಲಾಮ, ರಬೋತಾ ಅಂದರೆ ದಾಸ್ಯ. ಇಸ್ರೇಲಿಗಳು ಈಜಿಪ್ಟಿನ ರಾಜನ ಕೈಕೆಳಗೆ ಅನುಭವಿಸಿದ್ದಕ್ಕೂ ಅದೇ ಪದ. ಇವತ್ತು ರಷ್ಯನ್ ಭಾಷೆಯಲ್ಲಿ ರಬೋತಾ ಅಂದರೆ ಬರೀ ಕೆಲಸ. ಸಾವಿರ ವರ್ಷದ ಹಿಂದೆ ಅದು ಹಾಗಿರಲಿಲ್ಲ.

ಇರ್ಲಿ. ಗುಲಾಮನಿಗೂ ಮುಂಚೆ ಈ ಪದ ಯಾರದ್ದಾಗಿತ್ತು?

ಇಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ ಇಂಡೋ-ಯುರೋಪಿಯನ್ ಅನ್ನೋ ದೊಡ್ಡ ಕುಟುಂಬ ಸಿಗುತ್ತದೆ. ಅದರಲ್ಲಿ ಈ ಪದಕ್ಕೆ ಬಂಧುಬಳಗ ಜೋರಾಗಿಯೇ ಇದೆ. ಗ್ರೀಕ್‌ನಲ್ಲಿ ಓರ್ಫನೋಸ್, ಅದರಿಂದಲೇ ಇಂಗ್ಲಿಷಿನ ಆರ್ಫನ್ ಬಂದದ್ದು. ಆರ್ಮೇನಿಯನ್ ಭಾಷೆಯಲ್ಲಿ ಓರ್ಬ್ ಅಂದರೆ ಅನಾಥ. ಲ್ಯಾಟಿನ್‌ನಲ್ಲಿ ಓರ್ಬುಸ್ ಅಂದರೆ ತನ್ನವರನ್ನು ಕಳಕೊಂಡವನು. ಇನ್ನು ಸಂಸ್ಕೃತದಲ್ಲಿ? ಅರ್ಭ. ಋಗ್ವೇದದಲ್ಲೇ ಇರುವ ಪದ. ಚಿಕ್ಕದು, ಬಲವಿಲ್ಲದ್ದು ಅಂತ ಅರ್ಥ. ಅದಕ್ಕೊಂದು "ಕ" ಸೇರಿದರೆ ಅರ್ಭಕ. ನಮಗೆ ಅದು ಹೊಸ ಪದವೇನಲ್ಲ. ಪುರಾಣದ ಕಥೆಗಳಲ್ಲಿ ದೊಡ್ಡ ವೀರ ಎದುರಿಗೆ ನಿಂತ ಚಿಕ್ಕ ಹುಡುಗನನ್ನು ಹೀಯಾಳಿಸೋದು "ಅರ್ಭಕ" ಅಂತಲೇ. ರೋಬೋಟ್ ಅನ್ನೋ ಪದದ ದೂರದ ಸಂಬಂಧಿಯೊಬ್ಬ ಎಷ್ಟೋ ಶತಮಾನಗಳಿಂದ ಕನ್ನಡದ ಮನೆಯಲ್ಲೇ ಕೂತಿದ್ದ, ನಮಗೇ ಗೊತ್ತಿರಲಿಲ್ಲ.

ಅನಾಥ, ಕೂಸು, ಗುಲಾಮ. ಮೇಲ್ನೋಟಕ್ಕೆ ಮೂರೂ ಬೇರೆ. ಆದರೆ ಅಪ್ಪ ಅನ್ನೋನು ಇದ್ದರೆ ಮಾತ್ರ ನಿನಗೊಂದು ಮನೆ, ಒಂದು ಕುಲ, ಕೇಳೋರು ಹೇಳೋರು ಅನ್ನೋ ಕಾಲವನ್ನು ನೆನೆಸಿಕೊಳ್ಳಿ. ಅಪ್ಪ ಸತ್ತ ಹುಡುಗ ಬೇರೆಯವರ ಹಟ್ಟಿಗೆ ಹೋಗಿ ಬೀಳ್ತಾನೆ. ಅಲ್ಲಿ ಒಂದು ಮೂಲೆ, ಒಂದು ಹೊತ್ತು ಊಟ. ಅದಕ್ಕೆ ಬದಲಾಗಿ ದನ ಕಾಯಬೇಕು, ಸೌದೆ ಒಡೆಯಬೇಕು. ಅವನಿಗೆ ಹೊಡೆದರೆ ಕೇಳೋಕೆ ಯಾರೂ ಬರಲ್ಲ. ಹೊರಟುಹೋಗೋಣ ಅಂದರೆ ಹೋಗೋಕೆ ಇನ್ನೊಂದು ಜಾಗ ಇಲ್ಲ. ಅವನನ್ನು ಗುಲಾಮ ಅಂತ ಯಾರೂ ಘೋಷಣೆ ಮಾಡಬೇಕಿಲ್ಲ, ತಾನಾಗಿಯೇ ಆಗಿಹೋಗ್ತಾನೆ. ಪದ ಆ ಹುಡುಗನ ಹಿಂದೆಯೇ ನಡೆದುಕೊಂಡು ಹೋಗಿದೆ, ಅಷ್ಟೇ.

ಇದೇ ಬೇರಿಗೆ ಜರ್ಮನ್ನರ ಕಡೆ ಎರಡು ಕೊಂಬೆ ಒಡೆದಿವೆ. ಒಂದು ಎರ್ಬೆ, ಅಂದರೆ ಪಿತ್ರಾರ್ಜಿತ ಆಸ್ತಿ, ವಾರಸುದಾರ. ವಿಚಿತ್ರ ಅನಿಸುತ್ತೆ, ಆದರೆ ವಿಚಿತ್ರವಲ್ಲ. ಮಗ ವಾರಸುದಾರ ಆಗೋದೂ ಅಪ್ಪ ಸತ್ತಾಗಲೇ, ಅನಾಥ ಆಗೋದೂ ಅಪ್ಪ ಸತ್ತಾಗಲೇ. ಅಪ್ಪ ಬಿಟ್ಟುಹೋಗಿದ್ದು ಹೊಲವಾದರೆ ಒಂದು ಹೆಸರು, ಏನೂ ಇಲ್ಲವಾದರೆ ಇನ್ನೊಂದು ಹೆಸರು. ಎರಡನೆಯ ಕೊಂಬೆ ಆರ್ಬೈಟ್. ಇವತ್ತಿನ ಜರ್ಮನ್‌ನಲ್ಲಿ ಅದು ಕೆಲಸ. ಹಳೇ ಜರ್ಮನ್‌ನಲ್ಲಿ ಕಷ್ಟ, ಸಂಕಟ. ಬೇರೆಯವರ ಮನೆಯಲ್ಲಿ ಬೆವರು ಸುರಿಸುವ ಅನಾಥ ಮಗುವಿನ ಪಾಡಿನಿಂದಲೇ ಈ ಪದವೂ ಬಂತು ಅನ್ನೋದು ಅಲ್ಲಿನ ಪದಕೋಶಕಾರರ ವಿವರಣೆ. ಈ ಆರ್ಬೈಟ್ ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರಷ್ಯನ್ ಭಾಷೆಯಲ್ಲಂತೂ ಈ ಕುಟುಂಬದವರೆಲ್ಲ ಒಂದೇ ಸೂರಿನಡಿ ಇದ್ದಾರೆ. ರಬ್ ಅಂದರೆ ಗುಲಾಮ. ರಬೋತಾ ಅಂದರೆ ಕೆಲಸ. ರೆಬ್ಯೋನೊಕ್ ಅಂದರೆ ಮಗು. ರೆಬ್ಯಾತಾ ಅಂದರೆ "ಹುಡುಗ್ರಾ", ಟೀಮ್ ಲೀಡು ತನ್ನ ಟೀಮನ್ನು ಕರೆಯೋ ಥರ. ಚಿಕ್ಕವನಿಗೂ ಆಳಿಗೂ ಒಂದೇ ಪದ ಇರೋದು ಅವರ ಸೊತ್ತೇನಲ್ಲ. ನಮ್ಮ ಆಫೀಸುಗಳಲ್ಲಿ ಐವತ್ತು ದಾಟಿದ, ಮೊಮ್ಮಕ್ಕಳಿರುವ ಮನುಷ್ಯ ಟೀ ತಂದುಕೊಡ್ತಾರೆ. ಅವರ ಹುದ್ದೆಯ ಹೆಸರೇನು? ಆಫೀಸ್ ಬಾಯ್. ಹೋಟೆಲಿನಲ್ಲಿ ಟೇಬಲ್ ಒರೆಸೋರನ್ನು "ಏ ಹುಡುಗಾ" ಅಂತ ಕರೆಯುವಾಗ ನಾವು ಅವರ ವಯಸ್ಸು ನೋಡ್ತೀವಾ? ಅವರ ಪರವಾಗಿ ಮಾತಾಡೋರು ಯಾರೂ ಇಲ್ಲ ಅನ್ನೋದನ್ನು ನೋಡ್ತೀವಿ, ಅಲ್ವಾ?

ಈಗ ಪ್ರಾಗ್‌ನ ಗೆಳತಿಯ ಮುತ್ತಜ್ಜಂದಿರ ಕಡೆಗೆ ಬರೋಣ. ಚೆಕ್ಕರ ನಾಡಾದ ಬೊಹೀಮಿಯಾ ಶತಮಾನಗಳ ಕಾಲ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ಅಲ್ಲಿನ ಊರಿನ ರೈತ ತನ್ನ ಜಮೀನು ಉಳಲು ಬಿಟ್ಟದ್ದಕ್ಕೆ ಪ್ರತಿಯಾಗಿ ಒಡೆಯನ ಹೊಲದಲ್ಲಿ ವಾರಕ್ಕೆ ಇಷ್ಟು ದಿನ ಅಂತ ಕೂಲಿಯಿಲ್ಲದೆ ಗೇಯಬೇಕಿತ್ತು. ಎತ್ತೋ ಕುದುರೆಯೋ ಇದ್ದವನು ಅವುಗಳನ್ನೂ ಹೊಡೆದುಕೊಂಡು ಹೋಗಬೇಕು. ಇಲ್ಲದವನು ತನ್ನ ಮೈಯನ್ನೇ ಒಯ್ಯಬೇಕು. ಈ ಪದ್ಧತಿಗೆ ಕಾನೂನಿನ ಹೆಸರೇ ರೊಬೋತಾ. ಆಳುತ್ತಿದ್ದವರ ಜರ್ಮನ್ ಭಾಷೆ ಅದನ್ನು ರೋಬೋಟ್ ಅಂತ ಮಾಡಿಕೊಂಡಿತು. ಹಂಗೇರಿಯನ್ನರೂ ಹಾಗೇ ಕರೆದರು. ಅಂದರೆ ಯಂತ್ರಮಾನವ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಮಧ್ಯ ಯುರೋಪಿನ ಸರ್ಕಾರಿ ಕಾಗದಪತ್ರಗಳಲ್ಲಿ ರೋಬೋಟ್ ಅನ್ನೋ ಪದ ಇತ್ತು. ಅದರ ಅರ್ಥ ಬಿಟ್ಟಿ ದುಡಿಮೆ.

ಬೆಳೆ ಕೊಯ್ಲಿಗೆ ಬಂದಾಗ ಒಡೆಯನ ಹೊಲ ಮೊದಲು, ತನ್ನದು ಆಮೇಲೆ. ಮಳೆ ಮೊದಲೇ ಬಂದರೆ ಕೊಳೆಯೋದು ಯಾರ ಬೆಳೆ ಅಂತ ಹೇಳಬೇಕಾಗಿಲ್ಲ. 1680ರಲ್ಲಿ ರೈತರು ದಂಗೆ ಎದ್ದರು. ವಾರಕ್ಕೆ ಮೂರು ದಿನ ಮೀರಬಾರದು ಅಂತ ಆಜ್ಞೆ ಹೊರಟಿತು, ಆಚರಣೆಯಲ್ಲಿ ಅದಕ್ಕೆ ನೂರೆಂಟು ವಿನಾಯಿತಿ. 1771-72ರಲ್ಲಿ ಬೊಹೀಮಿಯಾಕ್ಕೆ ಭೀಕರ ಬರಗಾಲ ಬಂತು. 1775ರ ವಸಂತದಲ್ಲಿ ಮತ್ತೆ ದಂಗೆ. ರೈತರು ಕೋಲು, ಕವಣೆ, ಕುಡುಗೋಲು ಹಿಡಿದು ಹೊರಟರು. ಖ್ಲುಮೆಟ್ಸ್ ಎಂಬ ಊರಿನ ಹತ್ತಿರ ಸೈನ್ಯ ಅವರನ್ನು ಅಟ್ಟಿಸಿಕೊಂಡು ಬಂದಾಗ ಕೆಲವರು ಕೆರೆಗೆ ಬಿದ್ದು ಮುಳುಗಿ ಸತ್ತರು. ಇವತ್ತಿಗೂ ಯಾರಾದರೂ ಹೀನಾಯವಾಗಿ ಸೋತರೆ ಚೆಕ್ಕರು "ಖ್ಲುಮೆಟ್ಸ್ ರೈತರ ಗತಿ ಆಯ್ತು" ಅಂತಾರೆ. ಫುಟ್‌ಬಾಲ್ ಮ್ಯಾಚ್ ಸೋತರೂ ಅದೇ ಮಾತು.

ಆದರೆ ಆ ರೈತರು ಪೂರ್ತಿ ಸೋಲಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಮಹಾರಾಣಿ ಮರಿಯಾ ಥೆರೇಸಾ ಹೊಸ ಆಜ್ಞೆ ಹೊರಡಿಸಿದಳು. ಯಾರು ಎಷ್ಟು ತೆರಿಗೆ ಕಟ್ಟುತ್ತಾರೋ ಅದರ ಪ್ರಕಾರ ರೈತರನ್ನು ವಿಂಗಡಿಸಿ, ಯಾವ ವರ್ಗದವನು ಎಷ್ಟು ದಿನ ದುಡಿಯಬೇಕು ಅಂತ ಗೊತ್ತುಮಾಡಿದಳು. ಆ ದಾಖಲೆಯ ಹೆಸರು ಏನು ಗೊತ್ತಾ? ರೋಬೋಟ್ ಪೇಟೆಂಟ್! ಇವತ್ತಿನ ಸ್ಟಾರ್ಟಪ್ ಹುಡುಗರಿಗೆ ಹೇಳಿದರೆ ಬೇರೇನೋ ಅಂದ್ಕೋತಾರೆ. ಆ ಕಾಲದಲ್ಲಿ ಪೇಟೆಂಟ್ ಅಂದರೆ ರಾಜಾಜ್ಞೆ. 1781ರಲ್ಲಿ ಅವಳ ಮಗ ಎರಡನೇ ಯೋಸೆಫ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಡೆಯನ ಅಪ್ಪಣೆ ಇಲ್ಲದೆ ರೈತ ಮದುವೆಯಾಗಬಹುದು, ಊರು ಬಿಡಬಹುದು, ಕಸುಬು ಕಲಿಯಬಹುದು ಅಂದ. ಬಿಟ್ಟಿ ದುಡಿತ ಮಾತ್ರ ಹಾಗೇ ಉಳಿಯಿತು.

ಅದನ್ನು ಕಿತ್ತುಹಾಕಿಸಿದ್ದು 24 ವರ್ಷದ ಒಬ್ಬ ಹುಡುಗ. ಹೆಸರು ಹಾನ್ಸ್ ಕುಡ್ಲಿಶ್. ಸೈಲೀಸಿಯಾದ ರೈತನ ಮಗ. 1848ರ ಕ್ರಾಂತಿಯ ವರ್ಷ ವಿಯೆನ್ನಾದಲ್ಲಿ ಸೇರಿದ ಸಂಸತ್ತಿನಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು. ಜುಲೈನಲ್ಲಿ ಎದ್ದುನಿಂತು ಈ ಪದ್ಧತಿ ತೊಲಗಲಿ ಅಂತ ಮಸೂದೆ ಮಂಡಿಸಿದ. ಸೆಪ್ಟೆಂಬರ್ 7ಕ್ಕೆ ಅದು ಕಾನೂನಾಯಿತು. ಒಡೆಯರಿಗೆ ಪರಿಹಾರ ಕೊಡಬೇಕು ಅಂತ ಗಲಾಟೆಯಾಗಿ, ಕೊನೆಗೆ ಮೂರರಲ್ಲಿ ಒಂದು ಪಾಲು ರೈತನೇ ಕಟ್ಟಬೇಕು, ಒಂದು ಪಾಲು ಸರ್ಕಾರ, ಇನ್ನೊಂದು ಪಾಲು ಮನ್ನಾ ಅಂತ ತೀರ್ಮಾನವಾಯ್ತು. ತನ್ನ ಬಿಡುಗಡೆಗೆ ತಾನೇ ಕಂತು ಕಟ್ಟೋದು! ಕ್ರಾಂತಿ ಸೋತಮೇಲೆ ಕುಡ್ಲಿಶ್‌ಗೆ ಮರಣದಂಡನೆ ವಿಧಿಸಿದರು. ಅಷ್ಟರಲ್ಲಿ ಅವನು ದೇಶ ಬಿಟ್ಟಿದ್ದ. ಅಮೆರಿಕದಲ್ಲಿ ಡಾಕ್ಟರಾಗಿ ಬದುಕಿ, 1917ರಲ್ಲಿ ಅಲ್ಲೇ ತೀರಿಕೊಂಡ.

ಪೋಲೆಂಡಿನಲ್ಲಿ ಬಿಟ್ಟಿ ದುಡಿತ ಇರಲಿಲ್ಲವಾ? ಇತ್ತು, ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಅದಕ್ಕೆ ಬೇರೆ ಹೆಸರು: ಪಾನ್‌ಶ್ಚಿಜ್ನಾ. ಪಾನ್ ಅಂದರೆ ಒಡೆಯ; ಒಡೆಯನಿಗೆ ಸಲ್ಲಬೇಕಾದ್ದು ಅಂತ. ಎಲ್ಲ ಅವಮಾನ, ಏಟು, ಕಣ್ಣೀರು ಆ ಪದದ ತಲೆಯ ಮೇಲೆ ಹೋಗಿ ಕೂತವು. ರೊಬೋತಾ ತಪ್ಪಿಸಿಕೊಂಡು ಬರೀ ಕೆಲಸವಾಗಿ ಉಳಿಯಿತು. ಚೆಕ್ಕರಲ್ಲಿ ಆ ಭಾರವನ್ನೆಲ್ಲ ಹೊತ್ತದ್ದು ರೊಬೋತಾ. ಹಾಗಾಗಿ ಮಾಮೂಲಿ ಕೆಲಸಕ್ಕೆ ಪ್ರಾತ್ಸೆ ನಿಂತಿತು. ನನ್ನ ಇಬ್ಬರು ಸಹೋದ್ಯೋಗಿಗಳ ನಡುವಿನ ಅಂತರ ಇಷ್ಟೇ. ಒಂದು ನಾಡಿನಲ್ಲಿ ಜನರ ಬೆನ್ನು ಬಾಗಿಸಿದ್ದಕ್ಕೆ ಯಾವುದಾದರೂ ಒಂದು ಪದ ಜವಾಬು ಹೇಳಲೇಬೇಕು. ಯಾವ ಪದ ಅನ್ನೋದು ಮಾತ್ರ ಬದಲಾಗುತ್ತೆ.

1848ರ ನಂತರ ಚೆಕ್ಕರ ರೊಬೋತಾ ಅಜ್ಜಂದಿರ ಕಥೆಗಳಿಗೆ ಸರಿದುಹೋಗಬೇಕಿತ್ತು. ಅದನ್ನು ಇಡೀ ಜಗತ್ತಿಗೆ ಹಂಚಿದ್ದು ಇಬ್ಬರು ಅಣ್ಣತಮ್ಮಂದಿರು. ತಮ್ಮ ಕಾರೆಲ್ ಚಾಪೆಕ್ ಬರಹಗಾರ. ಅಣ್ಣ ಯೋಸೆಫ್ ಚಾಪೆಕ್ ಚಿತ್ರಕಾರ, ಅವನೂ ಬರೆಯುತ್ತಿದ್ದ. 1920ರಲ್ಲಿ ಕಾರೆಲ್‌ಗೆ ಒಂದು ನಾಟಕ ಹೊಳೆಯಿತು. ದ್ವೀಪವೊಂದರಲ್ಲಿ ಕಾರ್ಖಾನೆ, ಅಲ್ಲಿ ಕೃತಕ ಮನುಷ್ಯರನ್ನು ತಯಾರಿಸಿ ದುಡಿಯೋಕೆ ಮಾರುತ್ತಾರೆ. ಆ ಆಳುಗಳಿಗೆ ಏನು ಹೆಸರಿಡೋದು? ಮೊದಲು ಅವನಿಗೆ ತೋಚಿದ್ದು ಲ್ಯಾಟಿನ್ನಿನ ಲೇಬರ್ ಪದದಿಂದ ಮಾಡಿದ ಲಾಬೊರಿ ಅನ್ನೋದು. ಅದು ಪುಸ್ತಕದ ಪದದ ಹಾಗೆ ಒಣಒಣ ಅನಿಸಿತು. ಅಣ್ಣನ ಹತ್ತಿರ ಹೋಗಿ ಕೇಳಿದ. ಯೋಸೆಫ್ ಕ್ಯಾನ್ವಾಸ್ ಮುಂದೆ ನಿಂತು ಚಿತ್ರ ಬರೆಯುತ್ತಿದ್ದ, ಬಾಯಲ್ಲಿ ಬ್ರಷ್ ಕಚ್ಚಿಕೊಂಡಿದ್ದ. ಹಾಗೇ ಗೊಣಗಿದ, ರೋಬೋಟ್ ಅಂತ ಕರಿ ಅಂತ. ಈ ಪ್ರಸಂಗವನ್ನು 1933ರಲ್ಲಿ ಕಾರೆಲ್ ಪತ್ರಿಕೆಯೊಂದರಲ್ಲಿ ತಾನೇ ಬರೆದುಕೊಂಡಿದ್ದಾನೆ. ಪದ ನನ್ನದಲ್ಲ, ಅಣ್ಣನದು ಅಂತ ಲೆಕ್ಕ ಸರಿಮಾಡಿದ.

"ಆರ್.ಯು.ಆರ್." ಅನ್ನೋ ಆ ನಾಟಕ ಜನವರಿ 1921ರಲ್ಲಿ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರಕ್ಕೆ ಬಂತು. 1922ರಲ್ಲಿ ನ್ಯೂಯಾರ್ಕ್ ಮುಟ್ಟಿತು. ಅಲ್ಲಿಂದ ರೋಬೋಟ್ ಎಲ್ಲ ಭಾಷೆಗಳಿಗೂ ಹೊರಟಿತು. ನಾವು ರೋಬೋಟ್ ಅಂದಾಗ ತಗಡಿನ ಮೈ, ಬಲ್ಬಿನ ಕಣ್ಣು ಕಲ್ಪಿಸಿಕೊಳ್ತೀವಿ. ಚಾಪೆಕ್‌ನ ರೋಬೋಟ್‌ಗಳಲ್ಲಿ ತಗಡೂ ಇಲ್ಲ, ವೈರೂ ಇಲ್ಲ. ದೊಡ್ಡ ತೊಟ್ಟಿಗಳಲ್ಲಿ ರಾಸಾಯನಿಕ ಹಿಟ್ಟನ್ನು ಕಲಸಿ ಮಾಡಿದ ಜೀವಗಳು ಅವು, ನೋಡೋಕೆ ಥೇಟ್ ನಮ್ಮ ಹಾಗೆ. ಅವಕ್ಕೆ ಇಲ್ಲದ್ದು ಎರಡೇ. ಹೆತ್ತವರಿಲ್ಲ, ಬೇಡ ಅನ್ನೋ ಹಕ್ಕಿಲ್ಲ. ಯೋಸೆಫ್ ಮನಸ್ಸಿನಲ್ಲಿದ್ದದ್ದು ಅಜ್ಜಂದಿರ ಬಿಟ್ಟಿ ದುಡಿತ ಅಷ್ಟೇ ಇರಬೇಕು. ಆದರೆ ಆ ಪದ ಸಾವಿರಾರು ವರ್ಷ ಸುತ್ತಿ ಕೊನೆಗೆ ತನ್ನ ಮೊದಲ ಅರ್ಥವನ್ನೇ ಮುಟ್ಟಿತ್ತು: ಅಪ್ಪ-ಅಮ್ಮ ಇಲ್ಲದ, ಹೇಳಿದ್ದು ಮಾಡಬೇಕಾದ ಜೀವ.

ನಾಟಕದಲ್ಲಿ ಕಾರ್ಖಾನೆಯ ಡೈರೆಕ್ಟರ್ ಕೊಡುವ ಭರವಸೆ ಇವತ್ತಿನ ಯಾವುದೇ ಟೆಕ್ ಸಮ್ಮೇಳನದಲ್ಲಿ ಕೇಳಿದ ಹಾಗೇ ಇದೆ. ಎಲ್ಲವೂ ಅಗ್ಗವಾಗುತ್ತೆ, ಯಾರೂ ಮೈಮುರಿದು ದುಡಿಯಬೇಕಿಲ್ಲ, ಮನುಷ್ಯ ತನಗೆ ಬೇಕಾದ್ದು ಮಾಡಿಕೊಂಡು ಇರಬಹುದು ಅಂತ. ಆಗೋದೇ ಬೇರೆ. ಮನುಷ್ಯರಿಗೆ ಮಕ್ಕಳಾಗೋದೇ ನಿಂತುಹೋಗುತ್ತೆ. ರೋಬೋಟ್‌ಗಳನ್ನು ಸೈನಿಕರನ್ನಾಗಿಯೂ ಬಳಸ್ತಾರೆ. ಕೊನೆಗೆ ಅವು ತಿರುಗಿಬಿದ್ದು ಮನುಷ್ಯರನ್ನೆಲ್ಲ ಮುಗಿಸಿಬಿಡ್ತವೆ, ಒಬ್ಬನನ್ನು ಬಿಟ್ಟು. ಅವನು ಆಲ್ಕ್ವಿಸ್ಟ್, ಕಟ್ಟಡ ಕಟ್ಟಿಸೋನು. ಅವನನ್ನು ಯಾಕೆ ಉಳಿಸಿದರು? ಅವನು ಇನ್ನೂ ತನ್ನ ಕೈಯಾರೆ ಕೆಲಸ ಮಾಡುತ್ತಿದ್ದ, ತಮ್ಮ ಹಾಗೆ. ಅದೊಂದೇ ಕಾರಣ.

ಕಾರೆಲ್ ಚಾಪೆಕ್ 1938ರ ಕ್ರಿಸ್‌ಮಸ್ ದಿನ ನ್ಯುಮೋನಿಯಾದಿಂದ ತೀರಿಕೊಂಡ. ಮೂರು ತಿಂಗಳಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ಬಂತು. ಸೆಪ್ಟೆಂಬರ್ 1, 1939, ಯುದ್ಧ ಶುರುವಾದ ದಿನವೇ ಯೋಸೆಫ್‌ನನ್ನು ಹಿಡಿದರು. ಹಿಟ್ಲರನನ್ನು ಗೇಲಿ ಮಾಡಿ ಅವನು ಬರೆದ ವ್ಯಂಗ್ಯಚಿತ್ರಗಳನ್ನು ನಾಜಿಗಳು ಮರೆತಿರಲಿಲ್ಲ. ಮೊದಲು ಡಾಖಾವ್, ಆಮೇಲೆ ಬುಖೆನ್‌ವಾಲ್ಡ್, 1942ರಲ್ಲಿ ಸಾಕ್ಸೆನ್‌ಹೌಸೆನ್, 1945ರ ಶುರುವಿನಲ್ಲಿ ಬೆರ್ಗೆನ್-ಬೆಲ್ಸೆನ್. ಎಲ್ಲವೂ ಯಾತನಾ ಶಿಬಿರಗಳು. ಕೈದಿಗಳನ್ನು ಸಾಯೋವರೆಗೂ ದುಡಿಸುವ ಜಾಗಗಳು.

ಡಾಖಾವ್ ಮತ್ತು ಸಾಕ್ಸೆನ್‌ಹೌಸೆನ್ ಎರಡರ ಗೇಟಿನಲ್ಲೂ ಕಬ್ಬಿಣದ ಅಕ್ಷರಗಳಲ್ಲಿ ಮೂರು ಪದ ಇದ್ದವು. ದುಡಿಮೆ ನಿಮ್ಮನ್ನು ಬಿಡುಗಡೆ ಮಾಡುತ್ತದೆ ಅಂತ ಅದರ ಅರ್ಥ. ಅದರಲ್ಲಿ ಮೊದಲ ಪದ ಆರ್ಬೈಟ್. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದೇ ಪದ. ರೊಬೋತಾದ ಜರ್ಮನ್ ದಾಯಾದಿ. ಜಗತ್ತಿಗೆ ರೋಬೋಟ್ ಅನ್ನೋ ಪದ ಕೊಟ್ಟವನು ಆ ಪದದ ಬಂಧುವಿನ ಕೆಳಗೆ ತಲೆತಗ್ಗಿಸಿ ನಡೆದುಹೋದ. ಏಪ್ರಿಲ್ 1945ರಲ್ಲಿ, ಶಿಬಿರ ಬಿಡುಗಡೆಯಾಗುವ ಆಸುಪಾಸಿನಲ್ಲಿ, ಅವನು ಸತ್ತ. ದೇಹ ಸಿಗಲಿಲ್ಲ. ಇದನ್ನು ಓದಿದ ಭಾನುವಾರ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದೆಲ್ಲ ದೂರದ ದೇಶದ ಕಥೆ ಅಂತ ಅನಿಸಬಹುದು. ನನಗೂ ಹಾಗೇ ಅನಿಸಿತ್ತು, ಕಳೆದ ತಿಂಗಳ ಕೊನೇ ದಿನದವರೆಗೂ. ನಮ್ಮ ಟೀಮಿನಲ್ಲಿ ಹೈದರಾಬಾದಿನ ಹುಡುಗ ಒಬ್ಬ ಇದ್ದಾನೆ. ಫೋನಿನಲ್ಲಿ ಊರಿನ ಗೆಳೆಯನ ಜೊತೆ ಮಾತಾಡ್ತಾ ಖುಷಿಯಾಗಿ "ಜೀತಂ ಬಂತು" ಅನ್ನೋ ಅರ್ಥದಲ್ಲಿ ತೆಲುಗಿನಲ್ಲಿ ಏನೋ ಹೇಳಿದ. ನನ್ನ ಪಕ್ಕ ಕೂತಿದ್ದ ಮಂಡ್ಯದ ಗೆಳೆಯ ತಲೆಯೆತ್ತಿ, "ಹೂಂ, ನಮ್ಮದೂ ಅದೇ ಕಣೋ" ಅಂದ. ಎಲ್ಲರೂ ನಕ್ಕೆವು. ತೆಲುಗಿನಲ್ಲಿ ಜೀತಂ ಅಂದರೆ ಸಂಬಳ. ಕನ್ನಡದಲ್ಲಿ ಜೀತ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ.

ಎರಡೂ ಒಂದೇ ಪದ. ಸಂಸ್ಕೃತದ ಜೀವಿತದಿಂದ ಬಂದದ್ದು. ಬದುಕು, ಬದುಕೋಕೆ ಸಿಗೋ ಕೂಲಿ. ಕನ್ನಡದಲ್ಲೂ ಹಿಂದೆ ಜೀತಕ್ಕೆ ಸಂಬಳ ಅಂತಲೇ ಅರ್ಥ ಇತ್ತು. ಬಿಟ್ಟಿ ದುಡಿತಕ್ಕೆ ನಮ್ಮಲ್ಲಿ ಬೇರೆ ಪದ ಇತ್ತು. ಅದೇ ಬಿಟ್ಟಿ, ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಆಮೇಲೆ ನಮ್ಮಲ್ಲಿ ಬಿಟ್ಟಿ ಸವೆದು ಸವೆದು "ಪುಕ್ಕಟೆ" ಆಯ್ತು. ಬಿಟ್ಟಿ ಊಟ, ಬಿಟ್ಟಿ ವೈಫೈ. ಸಾಲಕ್ಕೆ ಸಿಕ್ಕಿ ಒಡೆಯನ ಮನೆಯಲ್ಲಿ ತಲೆಮಾರುಗಟ್ಟಲೆ ದುಡಿದವರ ನೋವು ಹೊರುವ ಪದ ಜೀತವಾಯಿತು. 1976ರ ಕಾನೂನು ರದ್ದು ಮಾಡಿದ್ದನ್ನು ನಾವು ಕರೆಯೋದು ಜೀತಪದ್ಧತಿ ಅಂತಲೇ. ತೆಲುಗಿನವರಲ್ಲಿ ಆ ಭಾರವನ್ನು ವಿಷ್ಟಿಯ ಇನ್ನೊಂದು ಕೂಸು ಹೊತ್ತುಕೊಂಡಿತು, ವೆಟ್ಟಿ ಚಾಕಿರಿ ಅಂತ. ಜೀತಂ ಪಾರಾಗಿ ತಿಂಗಳ ಕೊನೆಗೆ ಬ್ಯಾಂಕಿನಿಂದ ಬರೋ ಮೆಸೇಜ್ ಆಯಿತು. ಪೋಲೆಂಡ್ ಮತ್ತು ಪ್ರಾಗ್ ನಡುವೆ ಆದದ್ದೇ ಹೈದರಾಬಾದ್ ಮತ್ತು ಮಂಡ್ಯದ ನಡುವೆಯೂ ಆಗಿದೆ.

ಸಂಬಳಕ್ಕೂ ಜೀತಕ್ಕೂ ನಡುವೆ ಇರೋ ಗೋಡೆ ತುಂಬಾ ತೆಳು ಅಂತ ಈ ಪದಗಳು ಹೇಳ್ತಾ ಇವೆ ಅನಿಸುತ್ತೆ. ಹಾಗಂತ ಎ.ಸಿ. ರೂಮಿನಲ್ಲಿ ಕೂತು, ಬೇಕೆಂದಾಗ ರಾಜೀನಾಮೆ ಬರೆಯಬಲ್ಲ ನಾನು ನನ್ನನ್ನು ಜೀತದಾಳು ಅಂತ ಕರಕೊಂಡರೆ ಅದು ನಿಜವಾಗಿ ಜೀತ ಮಾಡಿದವರಿಗೆ ಮಾಡೋ ಅವಮಾನ. ಕಾಫಿ ಮಷೀನ್ ಹತ್ತಿರ ನಿಂತು "ನಾವೆಲ್ಲ ಕಾರ್ಪೊರೇಟ್ ಗುಲಾಮರು" ಅನ್ನೋದನ್ನು ನಾನು ಬಿಟ್ಟಿದ್ದೇನೆ. ಒರ್ಬು ಅನ್ನೋ ಆ ಹಳೇ ಪದ ಕಷ್ಟಪಟ್ಟು ದುಡಿಯೋನಿಗೆ ಇಟ್ಟ ಹೆಸರಲ್ಲ. ಹಿಂದೆ ಯಾರೂ ಇಲ್ಲದವನಿಗೆ ಇಟ್ಟ ಹೆಸರು. ಖ್ಲುಮೆಟ್ಸ್ ರೈತರು ಕೆಲಸ ಬೇಡ ಅಂದವರಲ್ಲ, ತಮ್ಮ ಹೊಲದಲ್ಲಿ ಅವರು ಹಗಲೂರಾತ್ರಿ ದುಡಿಯುತ್ತಿದ್ದವರೇ. ಅವರು ಕೇಳಿದ್ದು ಬೇಡ ಅನ್ನೋ ಹಕ್ಕು. ಕೆಲಸ ಹೋದರೆ ಮನೆ ನಡೆಯುತ್ತಾ, ಅನ್ಯಾಯ ಆದರೆ ಕೇಳೋಕೆ ಒಂದು ಸಂಘವೋ ಕೋರ್ಟೋ ಇದೆಯಾ, ಬಿಟ್ಟು ಹೋಗೋಕೆ ಇನ್ನೊಂದು ಬಾಗಿಲು ಇದೆಯಾ? ಈ ಪ್ರಶ್ನೆಗಳಿಗೆ ಉತ್ತರ ಇರುವ ತನಕ ನಮ್ಮದು ಕೆಲಸ. ನಮ್ಮ ಮನೆಗೆ ಹತ್ತು ನಿಮಿಷದಲ್ಲಿ ತರಕಾರಿ ತರೋ ಹುಡುಗನಿಗೆ ಉತ್ತರ ಇದೆಯಾ ಅನ್ನೋದು ಬೇರೆ ಪ್ರಶ್ನೆ. ನೋಡಿ, ಮತ್ತೆ "ಹುಡುಗ" ಅಂದುಬಿಟ್ಟೆ.

ಮೊನ್ನೆ ಇನ್ನೊಂದು ರಿಲೀಸ್ ಮುಗಿಯಿತು, ಈ ಸಲ ಸಂಜೆ ಆರಕ್ಕೇ. ಪೋಲೆಂಡಿನ ಗೆಳೆಯನ ಮೆಸೇಜ್ ಬಂತು: "ದೋಬ್ರಾ ರೊಬೋತಾ." ಈ ಸಲ ಸಿಟ್ಟು ಬರಲಿಲ್ಲ. ನಿನಗೂ ಅಷ್ಟೇ ಅಂತ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಬಿಸಿಬಿಸಿ ಊಟಕ್ಕೆ ಎದ್ದೆ. ಏಳಬಹುದಿತ್ತು, ಅದಕ್ಕೇ ಎದ್ದೆ.